ವೀರಗಲ್ಲಿನ ಕತ್ತಿ

ದನಗಳ್ಳರನ್ನು ಅಟ್ಟಿಸಿಕೊಂಡು ತಮ್ಮನ ಜೊತೆ ಕಾಡಿಗೆ ಹೋದ ಊರಗೌಡ ಹೆಣವಾಗಿ ಮರಳಿದ್ದ. ಅವನ ವೀರಗಲ್ಲು ಕಡೆಯುತ್ತಿದ್ದ ಶಿಲ್ಪಿ ಬಮ್ಮೋಜ, ಬಲಗೈಯ ಹತ್ತಿರ ಬಂದಾಗ ಉಳಿ ನಿಲ್ಲಿಸಿದ.

"ಕೈಗೆ ಏನು ಕೊಡಲಿ?" ಎಂದು ಕೇಳಿದ.

"ಕತ್ತಿ," ಎಂದ ಸತ್ತವನ ತಮ್ಮ ಮಾಚಯ್ಯ. ಈಗ ಗೌಡಿಕೆ ಅವನದೇ.

"ಅವರು ಹಿಡಿದು ಹೋದದ್ದು ಬಿಲ್ಲು," ಎಂದಳು ಗೌಡನ ಹೆಂಡತಿ ಜಕ್ಕವ್ವೆ.

"ಅಪ್ಸರೆಯರು ಸ್ವರ್ಗಕ್ಕೆ ಕರೆದೊಯ್ಯುವುದು ಕತ್ತಿ ಹಿಡಿದ ವೀರನನ್ನು, ಅತ್ತಿಗೆ."

"ರಾಮನ ಕೈಯಲ್ಲಿದ್ದದ್ದೂ ಬಿಲ್ಲೇ ಅಲ್ಲವೇ?"

"ದೇವರಿಗೆ ಯಾವುದಾದರೂ ನಡೆದೀತು. ಆ ದನಗಳ್ಳರ ಕೈಯಲ್ಲೂ ಬರೀ ಬಿಲ್ಲೇ ಇತ್ತು. ಅಣ್ಣನನ್ನು ಅವರ ಸಾಲಿಗೆ ಸೇರಿಸಲೇ? ಈ ಸೀಮೆಯಲ್ಲಿ ಕತ್ತಿ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಕೆತ್ತು, ಬಮ್ಮೋಜ!"

ಬಮ್ಮೋಜ ಉಳಿಯನ್ನು ಕಲ್ಲಿಗಿಟ್ಟು ಮತ್ತೆ ತೆಗೆದ. ಹೊಸ ಗೌಡನ ಮಾತು ಮೀರಿದರೆ ಊರಲ್ಲಿ ಅನ್ನ ಹುಟ್ಟದು. ಸತ್ತವನ ಕಲ್ಲಿನಲ್ಲಿ ಸುಳ್ಳು ಕಡೆದರೆ ಕೈ ಸೇದಿಹೋಗುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಅವನು ದಿಕ್ಕುತೋಚದೆ ಜಕ್ಕವ್ವೆಯ ಮುಖ ನೋಡಿದ. ನೆರೆದಿದ್ದ ಊರವರೂ ಅವಳನ್ನೇ ನೋಡುತ್ತಿದ್ದರು.

ಅವಳು ಕಲ್ಲಿನ ಹತ್ತಿರ ಬಂದು, ಗಂಡನ ಮುಖದ ಮೇಲಿದ್ದ ಕಲ್ಲುಪುಡಿಯನ್ನು ಸೆರಗಿನಿಂದ ಒರೆಸಿದಳು.

"ಆಗಲಿ, ಕತ್ತಿಯನ್ನೇ ಕೆತ್ತು," ಎಂದಳು.

ಮಾಚಯ್ಯನ ಬಿಗಿದ ಮುಖ ಸಡಿಲಾಯಿತು.

"ಆದರೆ ಕೈಯಲ್ಲಿ ಬೇಡ. ಹೆಣಕ್ಕೆ ನೀರೆರೆದವಳು ನಾನು. ಕತ್ತಿಯ ಗಾಯವಿದ್ದದ್ದು ಬೆನ್ನಲ್ಲಿ."