ವಂಶಾವಳಿಯಲ್ಲಿಲ್ಲದ ಮೆಕ್‌ಫಾಲ್

"ಅಲ್ಲೇ ನಿಲ್ಲು ಎಫಿ. ಆ ಬಟ್ಟೆ ಮೇಜಿನ ಮೇಲೆ ಇಡೋ ಹಾಗಿಲ್ಲ."

ಆರ್ಚ್ ಮೆಕ್‌ಫಾಲ್ ಚರ್ಚಿನ ನಡುದಾರಿಗೆ ಅಡ್ಡ ನಿಂತಿದ್ದ. ಕುಲಸಂಘದ ಅಧ್ಯಕ್ಷ. ಮೊಣಕಾಲವರೆಗೆ ಚೌಕಳಿ ಉಡುಗೆ, ಹೆಗಲ ಮೇಲೆ ಬೆಳ್ಳಿಯ ಬಿಲ್ಲೆ. ಎಫಿ ಅವನಿಗಿಂತ ಆರು ವರ್ಷ ದೊಡ್ಡವಳು. ಆದರೂ ಅವನು ಅವಳನ್ನು ಏಕವಚನದಲ್ಲೇ ಕರೆಯುತ್ತಿದ್ದ. ಅಮೆರಿಕದ ಕೇಪ್ ಫಿಯರ್ ನದಿಯ ದಂಡೆಯ ಆ ಊರಿನಲ್ಲಿ ಅದು ಹಳೆಯ ವಾಡಿಕೆ.

ವರ್ಷಕ್ಕೊಂದು ಭಾನುವಾರ, ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದ ಮನೆತನಗಳು ತಮ್ಮ ತಮ್ಮ ಕುಲದ ಚೌಕಳಿ ಬಟ್ಟೆಯ ತುಂಡನ್ನು ದೇವರ ಮೇಜಿನ ಮೇಲಿಟ್ಟು, ಆ ವರ್ಷ ತೀರಿಕೊಂಡವರ ಹೆಸರು ಕೂಗುತ್ತಿದ್ದವು. ಕೂಗಿದ ಹೆಸರು ಚರ್ಚಿನ ಪುಸ್ತಕ ಸೇರುತ್ತಿತ್ತು.

ಎಫಿಯ ತಮ್ಮ ಲಾಕ್ಲನ್ ಮಾರ್ಚಿನಲ್ಲಿ ತೀರಿಕೊಂಡಿದ್ದ. ಮೂವತ್ತು ವರ್ಷ ಈ ಚರ್ಚಿನ ಹುಲ್ಲು ಕತ್ತರಿಸಿದವನು. ಹೆಸರು ಕೂಗುವ ಹೊತ್ತಿಗೆ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ. ಅವನ ಹೆಸರನ್ನೂ ಇಲ್ಲಿ ಒಮ್ಮೆ ಕೂಗಬೇಕು. ಅವಳು ಬಂದದ್ದು ಅಷ್ಟಕ್ಕೇ.

"ನನ್ನ ತಮ್ಮನೂ ಮೆಕ್‌ಫಾಲೇ," ಎಂದಳು.

"ಇರಬಹುದು. ಇನ್ನೂರು ವರ್ಷದ ವಂಶಾವಳಿ ನಾನೇ ಬರೆಸಿದೀನಿ. ಅದರಲ್ಲಿ ನೀವು ಯಾರೂ ಇಲ್ಲ."

"ಬರೆಸಿದೋರು ನೀವು. ನಾವು ಹೇಗೆ ಇರ್ತೀವಿ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆರ್ಚನ ಕಿವಿ ಕೆಂಪಾಯಿತು.

"ಸರಿ, ಹೊರಗಡೆ ಸಮಾಧಿಗಳಿವೆಯಲ್ಲ, ಅಲ್ಲಿ ನಿಮ್ಮೋರ ಕಲ್ಲು ಒಂದಾದ್ರೂ ತೋರ್ಸು. ನಾನೇ ಪಕ್ಕಕ್ಕೆ ಸರೀತೀನಿ."

"ನಮ್ಮೋರು ಐವತ್ತು ಜನ ಮಲಗಿದಾರೆ ಅಲ್ಲಿ. ಕಲ್ಲು ಮಾತ್ರ ಇಲ್ಲ."

"ಕಲ್ಲಿಲ್ಲದ ಮೇಲೆ ಮಾತೂ ಇಲ್ಲ. ಹೊಳೆಯಾಚೆ ನಿಮ್ಮದೇ ಚರ್ಚಿದೆ. ಅಲ್ಲಿ ಕೂಗ್ಕೋ, ಯಾರು ಬೇಡ ಅಂದ್ರು?"

"ಅಲ್ಲಿ ಕೂಗಿ ಆಯ್ತು ದಣಿ. ದೇವರು ಕೇಳಿಸ್ಕೊಂಡ. ಇನ್ನು ನೀವು ಕೇಳಿಸ್ಕೊಬೇಕು."

ಪಾದ್ರಿ ಕೆಮ್ಮಿದ. "ಇವತ್ತಿಗೆ ಹೋಗಿಬಿಡು ಎಫಿ. ಪ್ರಾರ್ಥನೆ ನಿಂತುಹೋಗಿದೆ."

"ನಿಂತಿದ್ರೆ ನಾನೇ ಶುರು ಮಾಡ್ತೀನಿ ಬಿಡಿ."

ಬಟ್ಟೆಯನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದಳು. ಸ್ಕಾಟ್ಲೆಂಡಿನ ಹಳೆಯ ಗೇಲಿಕ್ ಭಾಷೆಯ ಕೀರ್ತನೆಯ ಮೊದಲ ಸಾಲನ್ನು ಎತ್ತಿದಳು.

ಹಿರಿಯರ ಪದ್ಧತಿಯಲ್ಲಿ ಒಬ್ಬರು ಸಾಲು ಹೇಳಿಕೊಡಬೇಕು, ಸಭೆ ಅದನ್ನು ಹಾಡಬೇಕು. ಸಭೆಗೆ ಒಂದಕ್ಷರವೂ ಬಾರದು. ಅಲ್ಲಿ ಆ ಭಾಷೆ ಸತ್ತು ನಲವತ್ತು ವರ್ಷವಾಗಿತ್ತು, ಉಡುಗೆ ಮಾತ್ರ ಉಳಿದಿತ್ತು. ಹೇಳಿಕೊಡುವವಳೂ ಎಫಿಯೇ ಆದಳು, ಹಾಡುವವಳೂ ಅವಳೇ. ಸಾಲಿನ ಕೊನೆಗೆ ದನಿ ಏರಿತು, ನಡುಗಿತು, ಹಕ್ಕಿ ಇಳಿದಂತೆ ಇಳಿಯಿತು. ಅಳು ಬರಲಿಲ್ಲ. ಬರಗೊಡಲಿಲ್ಲ.

ಮೂರನೆಯ ಸಾಲಿಗೆ ಆರ್ಚನ ಕೈ ಬೆಂಚನ್ನು ತಡಕಾಡಿತು. ಐದನೆಯದಕ್ಕೆ ಅವನು ಕುಳಿತೇಬಿಟ್ಟ. ದಾರಿ ತೆರವಾಯಿತು.

ಎಫಿ ಮುಂದೆ ನಡೆದಳು. ಉಳಿದೆಲ್ಲ ಬಟ್ಟೆಗಳ ನಡುವೆ ತನ್ನದನ್ನು ಹಾಸಿದಳು.

"ಲಾಕ್ಲನ್ ಮೆಕ್‌ಫಾಲ್!"

ಪುಸ್ತಕ ಹಿಡಿದಿದ್ದ ಗುಮಾಸ್ತ ಆರ್ಚನತ್ತ ನೋಡಿದ. ಆರ್ಚ್ ಬೇಡ ಎನ್ನಲಿಲ್ಲ. ಗುಮಾಸ್ತ ಬರೆದುಕೊಂಡ.

ಅವಳು ಹಿಂದಿರುಗುವಾಗ ಆರ್ಚ್ ತೋಳು ಹಿಡಿದ. ಅವನ ಕಣ್ಣು ಒದ್ದೆಯಾಗಿತ್ತು.

"ಕೊನೆಗೆ ದನಿ ಹಾಗೆ ತಿರುಗಿಸ್ತಾ ಇದ್ದೋರು ನಮ್ಮ ತಾತ ಒಬ್ಬರೇ. ಅದು ಸ್ಕಾಟ್ಲೆಂಡಿನ ರಕ್ತ, ಕಲಿತು ಬರೋದಲ್ಲ ಅಂತಿದ್ರು. ನಿಂಗೆ ಎಲ್ಲಿಂದ ಬಂತು?"

ಎಫಿ ತೋಳು ಬಿಡಿಸಿಕೊಂಡಳು.

"ನಿನ್ನ ತಾತನಿಗೆ ಬಂದಲ್ಲಿಂದಲೇ ಕಣೋ ಆರ್ಚ್. ತೊಟ್ಟಿಲಲ್ಲಿ ಅವನಿಗೆ ಅದನ್ನ ಕಲಿಸಿದ್ದು ನನ್ನ ಮುತ್ತಜ್ಜಿ, ನಿಮ್ಮ ಮನೆಯ ಕಪ್ಪು ಗುಲಾಮಳು."