ಏಳು ಹೆಣಗಳ ಫೋಟೋ

“ಚೀಟಿ ತೋರಿಸ್ರಿ,” ಎಂದ ಕಾವಲುಗಾರ.

ಕರಿಕೋಟಿನವನು ಜೇಬಿನಿಂದ ತೆಗೆದುಕೊಟ್ಟ. ‘ಅಂಜಿನಯ್ಯ, ಫೋಟೋಗ್ರಾಫರ್, ಹೊಸಪೇಟೆ’ ಎಂದಿತ್ತು. ಕೆಳಗೆ ಕಂಪನಿಯ ಮೊಹರು. ಕಾವಲುಗಾರ ಹಗ್ಗ ಎತ್ತಿ ಅವನನ್ನು ಒಳಗೆ ಬಿಟ್ಟ. ಅಳುತ್ತ ನಿಂತಿದ್ದ ಗಾದಿಗನೂರಿನ ಜನರತ್ತ ಕೋಲು ಬೀಸಿದ.

ಗಣಿ ಕುಸಿದು ಮೂರು ದಿನವಾಗಿತ್ತು. ಏಳು ಹೆಣ ಸಿಕ್ಕಿದ್ದವು. ಗಲಾಟೆಯಾದೀತೆಂದು ಮನೆಯವರನ್ನು ಹತ್ತಿರ ಬಿಡುತ್ತಿರಲಿಲ್ಲ. ದಾಖಲೆಗೆ ಫೋಟೋ ತೆಗೆಸಿ, ಸಂಜೆಯೊಳಗೆ ಕಂಪನಿಯೇ ಹೂಳಿಬಿಡುವುದೆಂದು ಮದ್ರಾಸಿನಿಂದ ಹುಕುಂ ಬಂದಿತ್ತು.

ಎಂಟು ವರ್ಷದಿಂದ ಕಂಪನಿಯ ಯಂತ್ರ, ಕಚೇರಿ, ದೊರೆಗಳ ಚಿತ್ರ ತೆಗೆಯುತ್ತಿದ್ದವನು ಅಂಜಿನಯ್ಯ. ಪತ್ರಿಕೆಗಳಿಗೂ ಅವನವೇ ಚಿತ್ರ. ಹೊಸ ಮ್ಯಾನೇಜರು ಅಂದಾನಪ್ಪ ಆ ಹೆಸರು ಕೇಳಿದ್ದನಷ್ಟೆ.

“ಜಲ್ದಿ ಮುಗಿಸ್ರಿ,” ಎಂದ.

ತಗಡಿನ ಷೆಡ್ಡಿನಲ್ಲಿ ಕರಿಕೋಟಿನವನು ಕ್ಯಾಮೆರಾದ ಮುಕ್ಕಾಲಿ ಊರಿದ. ಅದು ಎರಡು ಸಲ ಜಾರಿತು.

“ಮಾರಿ ಮ್ಯಾಲಿನ ಅರಿವಿ ತಗೀರಿ.”

ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿ ಬಹಳ ಹೊತ್ತು ನೋಡಿದ. ಹೊರಬಂದು, “ಮುಂದಿಂದು,” ಎಂದ. ಎರಡನೆಯದು, ಮೂರನೆಯದು. ನಾಲ್ಕನೆಯದರ ಮುಖವೆಲ್ಲ ಕೆಮ್ಮಣ್ಣು. ಧೋತರದ ಚುಂಗಿನಿಂದ ಮೆಲ್ಲಗೆ ಒರೆಸಿದ.

“ಅದೆಲ್ಲಾ ಯಾಕ್ರಿ?” ಎಂದ ಅಂದಾನಪ್ಪ.

“ಗುರ್ತು ಸಿಗಬೇಕಲ್ರಿ.”

ಐದನೆಯದೂ ಮುಗಿಯಿತು. ಆರನೆಯದಕ್ಕೆ ಬಟ್ಟೆಯೊಳಗೆ ಹೋದವನು ಹೊರಬರಲೇ ಇಲ್ಲ. ಕ್ಯಾಮೆರಾ ಅಲುಗುತ್ತಿತ್ತು. ಅಂದಾನಪ್ಪ ಎರಡು ಸಲ ಕೂಗಿದ ಮೇಲೆ ಬಂದು, ಹೆಣದ ಪಕ್ಕ ಕುಕ್ಕರಿಸಿ, ಹಣೆಯ ಮೇಲಿನ ಕೂದಲು ಹಿಂದಕ್ಕೆ ಸವರಿದ.

“ಇನ್ನೊಂದು ಐತಲ್ರಿ.”

“ಬ್ಯಾಡ್ರಿ. ನನ್ನ ಕೆಲ್ಸ ಮುಗೀತು.”

ಅಂದಾನಪ್ಪನಿಗೆ ಆಗ ಹೊಳೆಯಿತು. ಆರು ಚಿತ್ರ ತೆಗೆದವನು, ಚಿತ್ರಕ್ಕೊಂದು ಬೇಕಾಗುವ ಗಾಜಿನ ಪ್ಲೇಟನ್ನು ಒಂದು ಸಲವೂ ಬದಲಿಸಿರಲಿಲ್ಲ. ಕ್ಯಾಮೆರಾದ ಹಿಂಬದಿ ತಡಕಿದ. ಪ್ಲೇಟೇ ಇರಲಿಲ್ಲ.

“ಯಾರಲೇ ನೀನು?”

“ಪಾಲಪ್ಪ ಅಂತಾರ್ರಿ,” ಎಂದ ಅವನು, ಹೆಣದ ತಲೆಯನ್ನು ತೊಡೆಗೆ ಎಳೆದುಕೊಳ್ಳುತ್ತ. “ಇವನ ಅಪ್ಪ.”

ಹಗ್ಗದಾಚೆ, ಪಾಲಪ್ಪನ ಕಂಬಳಿ ಹೊದ್ದು ಜನರ ನಡುವೆ ನಿಂತಿದ್ದ ಅಂಜಿನಯ್ಯ, ತನ್ನ ಎಂಟು ವರ್ಷದ ಕೆಲಸ ಅಲ್ಲಿಗೆ ತೀರಿತೆಂದು ಗೊತ್ತಿದ್ದೂ, ಹೆಣಕ್ಕೆ ಹೆಗಲು ಕೊಡಲು ಹಗ್ಗ ದಾಟಿ ಒಳಗೆ ನಡೆದ.