ಇನ್ನೊಬ್ಬಳ ಹಲ್ಲು

"ಎಲ್ಲರೂ ಸಂದಿ ಮುಚ್ಚಿಸಿಕೊಳ್ಳೋಕೆ ಬರ್ತಾರೆ. ಸಂದಿ ಮಾಡಿಕೊಡಿ ಅಂತ ಬಂದವರು ನೀವೇ ಮೊದಲು," ಎಂದರು ಅರಸೀಕೆರೆಯ ದಂತವೈದ್ಯೆ. ಅವರ ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ಫೋಟೋ ಇತ್ತು. ನಗುತ್ತಿದ್ದ ಹುಡುಗಿ. ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಸಂದಿ, ಎಡಗಡೆಯದರ ಮೂಲೆ ಚೂರು ಮುಕ್ಕು.

ಕುರ್ಚಿಯಲ್ಲಿ ಒರಗಿದ್ದವಳು ಮಂಜುಳಾ. ಅವಳ ಅಣ್ಣ ಪುಟ್ಟರಾಜುವೇ ಉತ್ತರ ಕೊಟ್ಟ. ಆ ನಗು ತಂಗಿಗೆ ಇಷ್ಟವಂತೆ, ಅಷ್ಟೇ. ವೈದ್ಯೆ ನಂಬಿದಂತೆ ಕಾಣಲಿಲ್ಲ. ಆದರೂ ಸೂಜಿ ಎತ್ತಿಕೊಂಡರು.

ತುಟಿ ಮರಗಟ್ಟಿತು. ನಾಲ್ಕು ಹಲ್ಲಿನ ಮುಖವನ್ನು ಯಂತ್ರ ತೆಳ್ಳಗೆ ತೇಯ್ದಿತು. ಸುಟ್ಟ ಉಗುರಿನಂಥ ವಾಸನೆ. ಅಚ್ಚು ತೆಗೆದು ಬೆಂಗಳೂರಿಗೆ ಕಳಿಸಿದರು. ಎರಡು ವಾರ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಹೊದಿಕೆ. ತಣ್ಣೀರು ಸೋಕಿದರೆ ನೆತ್ತಿಯವರೆಗೆ ಝುಮ್ಮೆನ್ನುತ್ತಿತ್ತು. ಆಮೇಲೆ ಪಿಂಗಾಣಿಯ ವೆನೀರ್ ಚಿಪ್ಪುಗಳು ಬಂದವು, ಉಗುರಿಗಿಂತ ತೆಳು. ಅಂಟು ಸವರಿ, ನೀಲಿ ಬೆಳಕು ಹಾಯಿಸಿ ಕೂರಿಸಿದರು.

ಎಷ್ಟು ವರ್ಷ ಬರುತ್ತವೆ ಎಂದು ಪುಟ್ಟರಾಜು ಕೇಳಿದ.

"ಹತ್ತು, ಹನ್ನೆರಡು. ಜೋಪಾನ ಮಾಡಿದರೆ ಹದಿನೈದು. ಕಬ್ಬು, ಕೊಬ್ಬರಿ ಕಚ್ಚಬಾರದು." ವೈದ್ಯೆ ಮಂಜುಳಾಳ ಕಡೆ ತಿರುಗಿದರು. "ತೇಯ್ದದ್ದು ಮತ್ತೆ ಬೆಳೆಯಲ್ಲಮ್ಮ. ಇದು ಹೋದರೆ ಇನ್ನೊಂದು ಹಾಕಿಸಲೇಬೇಕು. ನಿನ್ನ ಹಳೇ ಹಲ್ಲು ಇನ್ನಿಲ್ಲ."

ಹತ್ತು ವರ್ಷ ಬೇಕಾದಷ್ಟಾಯಿತು, ಮುದುಕಿಗೆ ಆಗಲೇ ಎಪ್ಪತ್ತು ಎಂದು ಪುಟ್ಟರಾಜು ಬೀದಿಗಿಳಿದ ಮೇಲೆ ಹೇಳಿದ.

ಮುದುಕಿ ಎಂದರೆ ಹುಲಿಕೆರೆ ಹತ್ತಿರದ ತೋಟದ ಮನೆಯ ಜಾನಕಮ್ಮ. ವಿಧವೆ. ಹನ್ನೆರಡು ಎಕರೆ ತೆಂಗು, ಒಬ್ಬಳೇ ಮಗಳು. ಆ ಮಗಳು ಮೇಘಶ್ರೀ ತೊಂಬತ್ತೈದನೇ ಇಸವಿಯಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಮನೆಯಿಂದ ಕಾಣೆಯಾಗಿದ್ದಳು. ಎಂಟು ವರ್ಷ ಸುಮ್ಮನಿದ್ದ ಜಾನಕಮ್ಮ ಈ ಶಿವರಾತ್ರಿ ಹೊತ್ತಿಗೆ ಪತ್ರಿಕೆಯಲ್ಲಿ ಫೋಟೋ ಹಾಕಿಸಿದ್ದರು: ಮಗಳೇ, ಎಲ್ಲಿದ್ದರೂ ಬಾ, ಯಾರಿಗೂ ಸಿಟ್ಟಿಲ್ಲ. ಫೋಟೋ ನೋಡಿ ಪುಟ್ಟರಾಜು ಬೆಚ್ಚಿದ್ದ. ಅದೇ ಮುಖ, ಅದೇ ಹಣೆ. ತಂಗಿಯ ಹಲ್ಲು ಮಾತ್ರ ಅಡ್ಡಿ.

ಗಂಡಸಿ ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದ ಮಂಜುಳಾಳ ಹಲ್ಲು ಚಿಕ್ಕಂದಿನಿಂದಲೂ ಕಂದು. ನೋಡಲು ಬಂದ ಏಳು ಗಂಡುಗಳೂ ಅವಳು ಬಾಯಿ ಬಿಟ್ಟೊಡನೆ ಕಾಫಿ ಲೋಟ ಕೆಳಗಿಟ್ಟಿದ್ದರು. ತೋಟದ ಆಸೆ ಅಣ್ಣನದು. ಅವಳಿಗಿದ್ದದ್ದು ಒಂದು ಸಲವಾದರೂ ಸೆರಗು ಅಡ್ಡ ಹಿಡಿಯದೆ ನಗುವ ಆಸೆ. ಇನ್ನೊಂದೂ ಇತ್ತು, ಅದನ್ನು ಅಣ್ಣನಿಗೆ ಹೇಳಿರಲಿಲ್ಲ. ಅವಳ ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಮಗಳೇ ಎಂದು ಅವಳನ್ನು ಯಾರೂ ಕರೆದಿರಲಿಲ್ಲ.

ಹಳೇಬೀಡಿನಿಂದ ಬಸ್ಸಿಳಿದು ತೋಟಕ್ಕೆ ಬಂದಾಗ ಜಾನಕಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ತಲೆಯೆತ್ತಿ ನೋಡಿದರು. ಹುಣಸೆಹಣ್ಣು ಮೊರದಲ್ಲಿಟ್ಟು ಕೈ ಒರೆಸಿಕೊಂಡರು. ಆಮೇಲೆ ಓಡಿಬಂದು ತಬ್ಬಿಕೊಂಡು, ಅಕ್ಕಪಕ್ಕದ ತೋಟದವರೆಲ್ಲ ಬರುವಷ್ಟು ಗಟ್ಟಿಯಾಗಿ ಅತ್ತರು. ಮಂಜುಳಾ ಮುಂಬಯಿಯ ಕಥೆಯೊಂದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅದು ಬೇಕಾಗಲೇ ಇಲ್ಲ. ಜಾನಕಮ್ಮ ಏನೂ ಕೇಳಲಿಲ್ಲ. ಬಾಯಿಯ ಕಡೆ ನೋಡಲೂ ಇಲ್ಲ. ತಾಯಿ ಕರುಳು ಎಂದುಕೊಂಡಳು ಮಂಜುಳಾ. ಅವಳಿಗೂ ಅಳು ಬಂತು, ನಿಜವಾದ ಅಳು. ಮಗಳನ್ನು ಹುಡುಕಿ ತಂದ ಪುಣ್ಯಾತ್ಮ ಎಂದು ಪುಟ್ಟರಾಜುವಿಗೆ ಊಟ ಹಾಕಿ ಕಳಿಸಿದರು.

ಮರುದಿನ ಬೆಳಿಗ್ಗೆಯೇ ಜಾನಕಮ್ಮ ಅವಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೊರಟರು. ಬಸ್ಸಿನಲ್ಲಿ ಕಿವಿಯ ಹತ್ತಿರ ಬಾಗಿ, ಕೇಳಿದರೆ ಏನು ಹೇಳಬೇಕೆಂದು ಹೇಳಿಕೊಟ್ಟರು.

ಸುದ್ದಿ ಕೇಳಿ ಬಂದ ಲಕ್ಷ್ಮೀಶ ಠಾಣೆಯಲ್ಲಿ ಕಾದಿದ್ದ. ಬೇಲೂರಿನಲ್ಲಿ ಮೇಷ್ಟ್ರು. ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಮನೆಯವನು, ಕೇರಿಯಿಂದ ಓದಿ ಮೇಲೆ ಬಂದವನು. ಮೇಘಶ್ರೀ ಇವನನ್ನೇ ಮದುವೆಯಾಗಲು ನಿಂತಿದ್ದಳು. ಅವಳು ಮನೆಬಿಟ್ಟು ಹೋದವಳಲ್ಲ ಎಂದು ಎಂಟು ವರ್ಷ ಅಲೆದು, ಸಂಕ್ರಾಂತಿಗೆ ಮುಂಚೆ ಕೋರ್ಟಿನಿಂದ ಹೊಸ ತನಿಖೆಗೆ ಆದೇಶ ತಂದಿದ್ದ. ಕೂದಲು ಆಗಲೇ ಅರ್ಧ ನರೆತಿತ್ತು.

ಅವನು ಮಂಜುಳಾಳನ್ನು ಬಹಳ ಹೊತ್ತು ನೋಡಿದ.

"ಹಲ್ಲು ಅವಳದೇ," ಎಂದ ಇನ್ಸ್‌ಪೆಕ್ಟರಿಗೆ. "ಇವಳು ಅವಳಲ್ಲ."

ಹೆತ್ತವಳಿಗಿಂತ ನಿನಗೆ ಹೆಚ್ಚು ಗೊತ್ತೇ ಎಂದರು ಜಾನಕಮ್ಮ. ಇನ್ಸ್‌ಪೆಕ್ಟರ್ ಮಂಜುಳಾಳ ಕಡೆ ತಿರುಗಿದರು. ಅವಳು ಬಸ್ಸಿನಲ್ಲಿ ಕಲಿತದ್ದನ್ನು ಹೇಳಿದಳು.

"ಈ ಮೇಷ್ಟ್ರ ಜೊತೆ ಬದುಕೋಕೆ ನನಗೆ ಇಷ್ಟ ಇರಲಿಲ್ಲ. ಅದಕ್ಕೇ ಹೋದೆ."

ಲಕ್ಷ್ಮೀಶ ಬೆಂಚಿನ ಮೇಲೆ ಕುಸಿದು ಕುಳಿತ. ಮಂಜುಳಾ, ಮೇಘಶ್ರೀ ಎಂಬ ಹೆಸರಿನಲ್ಲಿ ಸಹಿ ಹಾಕಿದಳು. ಕಾಣೆಯಾದವಳು ಸಿಕ್ಕಿದ್ದಾಳೆ ಎಂದು ಬರೆದು, ಇನ್ಸ್‌ಪೆಕ್ಟರ್ ಫೈಲು ಕಟ್ಟಿದರು.

ಮಧ್ಯಾಹ್ನ ಹಿತ್ತಿಲಿನಲ್ಲಿ ಜಾನಕಮ್ಮ ಅವಳನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದರು. ಮೃದುವಾದ ಕೈ. ಆ ಮೇಷ್ಟ್ರ ಮುಖ ಮಂಜುಳಾಳ ಕಣ್ಣಿಂದ ಹೋಗಲೊಲ್ಲದು. ಈ ಮುದುಕಿಯ ಪ್ರೀತಿಯನ್ನೂ ಕದಿಯುತ್ತಿದ್ದೇನೆ ಎನ್ನಿಸಿ ತಡೆಯಲಾಗಲಿಲ್ಲ.

"ಅಮ್ಮ, ನಾನು ನಿಮ್ಮ ಮಗಳಲ್ಲ."

ಜಾನಕಮ್ಮನ ಬೆರಳು ನಿಲ್ಲಲಿಲ್ಲ. ಕೂದಲನ್ನು ಮೂರು ಕಾಲು ಮಾಡಿ ಜಡೆ ಹೆಣೆಯತೊಡಗಿದರು.

"ನಂಗೊತ್ತಿಲ್ವೇನವ್ವ? ಅಗೋ, ಆ ತೆಂಗಿನ ಬುಡದಾಗೆ ಅವಳಿಗೆ ಗುಂಡಿ ತೆಗೆದೋಳೇ ನಾನು."